"ಇನ್ನೊಂದು ತರಲಾ?" ಎಂದು ಕೇಳಿದ ಸಪ್ಲೈಯರ್

ಕೊಲೋನ್ ನಗರದ ಬಿಯರ್ ಮನೆಗಳಲ್ಲಿ ಸಪ್ಲೈಯರ್ "ಇನ್ನೊಂದು ತರಲಾ?" ಎಂದು ಕೇಳುವುದಿಲ್ಲ. ಗ್ಲಾಸು ಖಾಲಿಯಾದರೆ ತುಂಬಿದ್ದು ಬಂದು ಕೂರುತ್ತದೆ. ಸಾಕೆನಿಸಿದವರು ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚುತ್ತಾರೆ. ಬಿಯರ್ ಜೊತೆಗೆ ಸಪ್ಲೈಯರ್ ಬಾಯಿಂದ ಒಂದು ಚುಚ್ಚುಮಾತು ಬೀಳದಿದ್ದರೆ ಗಿರಾಕಿಗೆ ಊಟ ಸೇರುವುದಿಲ್ಲ. ಲುಡ್ಗರ್ ವೆನಿಂಗ್ ನಮ್ಮಲ್ಲಿ ಸಪ್ಲೈಯರ್ ಆಗಿ ಸೇರಿದ ಮೊದಲ ಮಧ್ಯಾಹ್ನವೇ ಕೇಳಿದ.

"ಇನ್ನೊಂದು ತರಲಾ ಸರ್?"

ಅವನು ಕೇಳಿದ್ದು ಕೂನಿಬೆರ್ಟ್ ಎಸ್ಸರ್‌ನನ್ನು. ಟ್ರಾಮ್ ಓಡಿಸಿ ನಿವೃತ್ತನಾದ ಮುದುಕ. ಪೀಪಾಯಿಯ ಪಕ್ಕದ ಮೇಜು ಅವನದೇ ಎಂದು ಎಲ್ಲರಿಗೂ ಗೊತ್ತು. ಅವನು ಯಜಮಾನಿಯಾದ ನಾನು ಲೆಕ್ಕ ಬರೆಯುತ್ತಾ ಕೂರುವ ಮರದ ಗೂಡಿನ ಕಡೆ ತಿರುಗಿದ.

"ಬಿಲ್ಲಾ, ಇವನು ನನ್ನನ್ನ ಸರ್ ಅಂದ ಕಣೇ. ನನ್ನ ಮದುವೇಲಿ ಪಾದ್ರೀನೂ ಇಷ್ಟು ಮರ್ಯಾದೆ ಕೊಟ್ಟಿರ್ಲಿಲ್ಲ."

"ವೆಸ್ಟ್‌ಫಾಲಿಯಾ ಕಡೆಯವನು, ನಮ್ಮೂರ ರೀತಿ ಗೊತ್ತಿಲ್ಲ. ಕಲೀತಾನೆ ಬಿಡು."

"ಕಲಿಯೋಕೆ ಬಂದವನೋ, ಕದಿಯೋಕೆ ಬಂದವನೋ, ಅದನ್ನ ನೋಡ್ಕೋ."

ಕದಿಯುವಂಥದ್ದು ನಮ್ಮಲ್ಲಿ ಒಂದೇ ಇತ್ತು. ಆ ವಸಂತದಲ್ಲಿ ಬೀದಿಯ ಮೂಲೆಯಲ್ಲಿ ದೊಡ್ಡ ಕಂಪನಿಯೊಂದು ಊಟದ ಹಾಲ್ ತೆರೆದಿತ್ತು. ಅಲ್ಲಿಯೂ ಇದೇ ಬಿಯರ್, ಇದೇ ರಕ್ತದ ಸಾಸೇಜು, ಸೇಬು ಬೆರೆಸಿದ ಆಲೂಗಡ್ಡೆ. ಕುರ್ಚಿ ನಮ್ಮದಕ್ಕಿಂತ ಮೆತ್ತಗೆ. ಅವರಲ್ಲಿ ಇಲ್ಲದ್ದು ನಮ್ಮ ಹುಳಿಮಾಂಸ. ಅದನ್ನು ನೆನೆಸುವ ವಿನೆಗರ್‌ಗೆ ಏನೇನು ಬೀಳುತ್ತದೆ ಎಂಬುದು ನನ್ನನ್ನೂ ಅಡುಗೆಯ ಆಗ್ನೆಸ್‌ಳನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆ ಗುಟ್ಟು ಮೂಲೆಯ ಹಾಲ್‌ಗೆ ಹೋದರೆ ಗಿರಾಕಿಗಳೂ ಹೋಗುತ್ತಾರೆ, ನಾನು ಬಾಗಿಲು ಹಾಕಬೇಕಾಗುತ್ತದೆ.

ಲುಡ್ಗರ್‌ನ ನಡವಳಿಕೆ ಅನುಮಾನಕ್ಕೆ ತಕ್ಕಂತೆಯೇ ಇತ್ತು. ಹುಳಿಮಾಂಸ ತಿಂದವರನ್ನು ಅವನು ಹಾಗೇ ಬಿಡುತ್ತಿರಲಿಲ್ಲ.

"ಹೇಗಿತ್ತು? ಹುಳಿ ಮೊದಲು ಬರುತ್ತಾ, ಸಿಹಿ ಮೊದಲು ಬರುತ್ತಾ?"

"ಬಿಲ್ ಮೊದಲು ಬರುತ್ತೆ," ಎಂದ ಕೂನಿಬೆರ್ಟ್. "ಆಮೇಲೆ ಪೊಲೀಸು."

ಲುಡ್ಗರ್ ಹಿಂದೆ ಕೆಲಸ ಮಾಡಿದ ಕಡೆಗೆಲ್ಲ ಫೋನ್ ಮಾಡಿದೆ. ಮ್ಯೂಲ್‌ಹೈಮ್‌ನ ತುರ್ಕಿ ಗ್ರಿಲ್, ನಿಪ್ಪೆಸ್‌ನ ಇಟಾಲಿಯನ್ ಐಸ್‌ಕ್ರೀಂ ಅಂಗಡಿ, ಡಾಯ್ಟ್ಸ್‌ನ ಮೀನಿನ ಹೋಟೆಲು. ಮೂರೂ ಕಡೆ ಹೇಳಿದ್ದು ಒಂದೇ: ಒಳ್ಳೆಯವನು, ರುಚಿಯ ಬಗ್ಗೆ ಕೇಳಿ ಕೇಳಿ ಸಾಯಿಸುತ್ತಿದ್ದ, ಕೆಲವು ವಾರಗಳಲ್ಲಿ ತಾನೇ ಬಿಟ್ಟು ಹೋದ. ತುರ್ಕಿ ಗ್ರಿಲ್‌ನ ಯಜಮಾನ ಇನ್ನೊಂದು ಮಾತು ಸೇರಿಸಿದ: "ಅವನು ಸಪ್ಲೈಯರ್ ಅಲ್ಲಮ್ಮ. ಈರುಳ್ಳಿ ಹೆಚ್ಚೋದು ನೋಡಿದೀನಿ, ಅದು ಅಡುಗೆಯವನ ಕೈ."

ಅಡುಗೆಯವನು ತಾನು ಅಡುಗೆಯವನೆಂದು ಮುಚ್ಚಿಟ್ಟು ತಟ್ಟೆ ಹೊರುವುದಕ್ಕೆ ನನಗೆ ತೋಚಿದ ಕಾರಣ ಒಂದೇ. ಮರುದಿನ ಕೆಲಸದವರ ಊಟಕ್ಕೆ ಹುಳಿಮಾಂಸವನ್ನೇ ಮಾಡಿಸಿದೆ. ಲುಡ್ಗರ್‌ನ ತಟ್ಟೆಯ ಸಾರಿಗೆ ಒಂದು ಹಿಡಿ ಉಪ್ಪು ಸುರಿದೆ. ರುಚಿ ಅಳೆಯಲು ಬಂದವನು ಮೊದಲ ತುತ್ತಿಗೇ ಸಿಕ್ಕಿಬೀಳುತ್ತಾನೆ, ಪಾಕ ಹೀಗಿರಬಾರದೆಂದು ಬಾಯಿಬಿಡುತ್ತಾನೆ ಎಂದುಕೊಂಡಿದ್ದೆ.

ಅವನು ತಿಂದ. ಆಲೂಗಡ್ಡೆ ಉಂಡೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ತಿಂದ. ಆಗ್ನೆಸ್ ಕಣ್ಣರಳಿಸಿ ಅವನ ಬಾಯನ್ನೇ ನೋಡುತ್ತಿದ್ದಳು. ಅರ್ಧ ತಟ್ಟೆ ಮುಗಿದ ಮೇಲೆ ತಲೆ ಎತ್ತಿ ನಮ್ಮಿಬ್ಬರನ್ನು ನೋಡಿ ಫೋರ್ಕ್ ಕೆಳಗಿಟ್ಟ.

"ಇದರಲ್ಲಿ ಏನೋ ಹಾಕಿದೀರಿ ಮೇಡಂ."

"ಹೇಗೆ ಗೊತ್ತಾಯ್ತು?"

"ನಿಮ್ಮ ಮುಖ ನೋಡಿ. ಏನು ಹಾಕಿದಿರಿ? ವಿಷ ಅಲ್ಲ ತಾನೆ?"

"ಉಪ್ಪು," ಎಂದಳು ಆಗ್ನೆಸ್. "ಕುದುರೆಗೂ ಜಾಸ್ತಿ ಆಗೋಷ್ಟು."

ಅವನು ನೀರು ಕುಡಿದು ಹೇಳಿದ. ಗಂಟಲಿನ ಕ್ಯಾನ್ಸರ್‌ಗೆ ಕಿರಣಚಿಕಿತ್ಸೆ ಕೊಟ್ಟಿದ್ದರು. ರೋಗ ಹೋಯಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ನಾಲಿಗೆ ಸತ್ತ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾವುದಾದರೂ ಒಂದು ತಿನಿಸು ಆ ನಾಲಿಗೆಯನ್ನು ಎಬ್ಬಿಸೀತು ಎಂದು ಹೋಟೆಲಿನಿಂದ ಹೋಟೆಲಿಗೆ ಸೇರಿ ತಿನ್ನುತ್ತಾ ಹೊರಟಿದ್ದ. ಅಲ್ಲಿಯವರೆಗೆ ಬೇರೆಯವರು ಏನು ಸವಿಯುತ್ತಾರೆಂದು ಕೇಳಿಯಾದರೂ ನೆನಪಿಟ್ಟುಕೊಳ್ಳುತ್ತಿದ್ದ.

ನಾನು ಸುಮ್ಮನೆ ನಂಬುವವಳಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಕಾರ್ಡು ತೋರಿಸೆಂದೆ. ತೋರಿಸಿದ. ನಾಚಿಕೆಯಾಯಿತು, ಆದರೂ ದಿನಾಂಕವನ್ನು ಎರಡು ಸಲ ಓದಿದೆ.

"ಇರು," ಎಂದೆ. "ಆದ್ರೆ ಗಿರಾಕಿಗಳನ್ನ ಕೇಳೋದು ನಿಲ್ಲಿಸು. ಮುಖ ನೋಡಿದ್ರೆ ನಿನಗೆ ಗೊತ್ತಾಗುತ್ತಲ್ಲ."

ಮಧ್ಯಾಹ್ನ ಕೂನಿಬೆರ್ಟ್‌ನ ಗ್ಲಾಸು ಖಾಲಿಯಾಯಿತು. ಲುಡ್ಗರ್ ಕೇಳಲಿಲ್ಲ, ತುಂಬಿದ್ದನ್ನು ಕುಕ್ಕಿದ.

"ಕುಡಿಯೋ ಮುದುಕಾ. ನಿನ್ನ ಮೂತಿ ನೋಡಿದ್ರೆ ಬಿಯರ್ ಹುಳಿ ಬರುತ್ತೆ."

ಕೂನಿಬೆರ್ಟ್ ಖುಷಿಯಿಂದ ಮೇಜು ಗುದ್ದಿದ. "ಬಿಲ್ಲಾ, ಇವನು ನಮ್ಮವನೇ ಕಣೇ!"

ಇರಬಹುದು. ಲುಡ್ಗರ್ ಈಗಲೂ ನಮ್ಮಲ್ಲೇ ಇದ್ದಾನೆ, ಮೂಲೆಯ ಹಾಲ್‌ನಲ್ಲಿ ಈಗಲೂ ಹುಳಿಮಾಂಸವಿಲ್ಲ. ಆದರೆ ವಿನೆಗರ್ ಕಲಸುವ ದಿನ ನಾನು ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಪ್ರತಿ ಚಿಟಿಕೆಯನ್ನೂ ನಾಲಿಗೆಗೆ ಇಟ್ಟು ನೋಡುವುದು ನನ್ನ ಅಭ್ಯಾಸ; ಆ ಹೊತ್ತಿನ ನನ್ನ ಮುಖ ಅವನಿಗೆ ಕಾಣಬಾರದು.