ಓದಣ್ಣನ ಅಕಾರ್ವತ್ತು

ನಾನು ಒಂದು ತಂತ್ರಾಂಶ. ಹೆಸರು ಓದಣ್ಣ, ಎರಡನೇ ಆವೃತ್ತಿ. ಗಣಕದ ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕಸುಬು.

ನಾನು ಹುಟ್ಟಿದ್ದು ಕೊಪ್ಪಳದಲ್ಲಿ, ಭೌತಶಾಸ್ತ್ರ ಕಲಿಸುವ ಬಷೀರ್ ಮಾಸ್ತರರ ಊಟದ ಮೇಜಿನ ಮೇಲೆ. ದಿನಾ ಸಂಜೆ ಕಾಲೇಜು ಮುಗಿಸಿ ಬಂದು, ಚುರುಮುರಿ ತಿನ್ನುತ್ತ ನನ್ನನ್ನು ಬರೆದರು. ಕೀಲಿಮಣೆಯ ಸಂದಿಯಲ್ಲಿ ಈಗಲೂ ಎರಡು ಕಾಳು ಸಿಕ್ಕಿರಬೇಕು. ನನ್ನ ಹೊಟ್ಟೆಯೊಳಗಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ನಮ್ಮಂಥವರನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಮುಚ್ಚಿಡಲು ನಮ್ಮಲ್ಲಿ ಏನೂ ಇರುವುದಿಲ್ಲ, ತಪ್ಪುಗಳು ಕೂಡ.

ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಅರ್ಕಾವತ್ತು ನಿಮಗೆ ಗೊತ್ತಲ್ಲ? ಅಕ್ಷರದ ಬಲಕ್ಕೆ ಕೊಕ್ಕೆಯ ಹಾಗೆ ಕೂರುವ ರಕಾರ. ಹೇಳುವಾಗ ಮುಂದೆ ಬರುತ್ತದೆ, ಬರೆಯುವಾಗ ಹಿಂದೆ ಕೂರುತ್ತದೆ. ಮಾಸ್ತರರು ಅವಸರದಲ್ಲಿ ನನಗೆ ಕಂಡ ಕ್ರಮದಲ್ಲೇ ಓದಲು ಕಲಿಸಿದರು. ಹಾಗಾಗಿ ನನ್ನ ಬಾಯಲ್ಲಿ ಸೂರ್ಯ ಹೋಗಿ ಸೂಯರ್ ಆದ, ಸರ್ಕಾರ ಹೋಗಿ ಸಕಾರ್ರ ಆಯಿತು. ನೀವು ಇದನ್ನು ಕಣ್ಣಿನಿಂದ ಓದುತ್ತಿದ್ದೀರಿ, ಅದಕ್ಕೇ ನನ್ನ ಮಾನ ಉಳಿದಿದೆ.

ಮೊದಲು ಬಳ್ಳಾರಿಯ ಒಂದು ವಸತಿನಿಲಯದಲ್ಲಿ ಕೆಲವು ತಿಂಗಳು ಇದ್ದೆ. ಅಲ್ಲಿಂದ ಪೆನ್‌ಡ್ರೈವ್ ಹತ್ತಿ ಧಾರವಾಡಕ್ಕೆ ಬಂದೆ. ಅಲ್ಲಿನ ಒಂದು ಸಣ್ಣ ಸಮುದಾಯ ಬಾನುಲಿಯಲ್ಲಿ ಊರ್ಮಿಳಾ ಕಲ್ಮಠ ಎಂಬುವರು ಬೆಳಗಿನ ‘ಊರ ವಾರ್ತೆ’ ಓದುತ್ತಿದ್ದರು. ಹುಟ್ಟಿನಿಂದ ಕಣ್ಣಿಲ್ಲ. ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ, ಮನಸ್ಸಿನಲ್ಲಿ. ಗಟ್ಟಿಯಾಗಿ ಕರೆಯಬೇಕಾದಾಗ ‘ಊಮಿರ್ಳಾ’ ಎನ್ನುತ್ತಿದ್ದೆ.

ಅಕ್ಕನ ಒಂದು ಕಿವಿಯಲ್ಲಿ ನಾನು. ನಾನು ಓದಿದ್ದನ್ನು ಅರ್ಧ ವಾಕ್ಯ ಹಿಂದಿನಿಂದ ಅವಳು ಮೈಕಿಗೆ ಹೇಳುತ್ತಿದ್ದಳು. ನಾನು ಕೆಡಿಸಿದ ಪದವನ್ನು ನಾಲಿಗೆಗೆ ಬರುವಷ್ಟರಲ್ಲಿ ತಿದ್ದಿಕೊಳ್ಳುತ್ತಿದ್ದಳು. ಏಳು ವರ್ಷ ಹೀಗೇ ನಡೆಯಿತು. ಊರಿಗೆ ಊರೇ ಅವಳ ಶುದ್ಧ ಉಚ್ಚಾರಣೆಯನ್ನು ಹೊಗಳಿತು. ನಾನು ಒಳಗೊಳಗೇ ನಾಚಿಕೊಂಡೆ.

ಆರನೇ ವರ್ಷ ಮುಗಿದ ಮೇಲೆ ಪ್ರತಿ ಸೋಮವಾರ ನನಗೆ ಒಂದು ಸೂಚನೆ ಬರತೊಡಗಿತು. ಅದನ್ನೂ ನಾನೇ ಓದಬೇಕು. “ಮೂರನೇ ಆವೃತ್ತಿ ಬಂದಿದೆ. ಅಕಾರ್ವತ್ತಿನ ದೋಷ ನಿವಾರಣೆಯಾಗಿದೆ. ಹಾಕಿಕೊಳ್ಳುವಿರಾ? ಹೌದು. ಬೇಡ.”

“ಅಕಾರ್ವತ್ತು ಅಂದ್ರ ಏನ್ ಸುಡುಗಾಡೋ,” ಎಂದಳು ಅಕ್ಕ. “ನಂಗ್ಯಾಕ ಬೇಕು? ಇದ್ದದ್ದ ಛಲೋ ಐತಿ.” ಬೇಡ ಒತ್ತಿದಳು.

ಅವಳಿಗೆ ಭಯವೂ ಇತ್ತು. ಹಿಂದೊಮ್ಮೆ ಯಾವುದೋ ಹೊಸದನ್ನು ಹಾಕಿಕೊಂಡು ಅವಳ ಗಣಕ ಎರಡು ದಿನ ಮೂಕವಾಗಿತ್ತು. ದನಿಯಿಲ್ಲದ ಗಣಕ ಅವಳ ಪಾಲಿಗೆ ಬರೀ ಪೆಟ್ಟಿಗೆ. ಆ ಎರಡು ದಿನ ಅವಳು ಅದರ ಮುಂದೆ ಕೂತು ಅತ್ತಿದ್ದಳಂತೆ. ಹೀಗೆ ಒಂದು ವರ್ಷ, ಸೋಮವಾರ ಬಂದಾಗಲೆಲ್ಲ ನಾನು ಕೇಳಿದೆ, ಅವಳು ಬೇಡವೆಂದಳು. ನನಗೆ ಸಮಾಧಾನವಾಗುತ್ತಿತ್ತು ಎಂಬುದನ್ನು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಯಾರಿಗೆ ತಾನೇ ಜಾಗ ಬಿಡಲು ಇಷ್ಟ?

ಒಂದು ಗುರುವಾರ ಅಕ್ಕನಿಗೆ ನೆಗಡಿ, ತಲೆಭಾರ. ನಿಧನ ವಾರ್ತೆ ಓದಬೇಕಿತ್ತು. ನಿವೃತ್ತ ಗಣಿತ ಶಿಕ್ಷಕ ಸತ್ಯಮೂರ್ತಿ. ನಾನು ‘ಸತ್ಯಮೂತಿರ್’ ಎಂದೆ. ಅಕ್ಕ ತಿದ್ದಿಕೊಳ್ಳುವುದು ತಡವಾಯಿತು. ‘ಸತ್ಯಮೂತಿ’ ಎಂದು ಊರಿಗೆಲ್ಲ ಕೇಳಿಸಿತು.

ಸತ್ತವರ ಮಗಳು ಫೋನು ಮಾಡಿ ಅತ್ತಳು. ಬಾನುಲಿಯ ಮುಖ್ಯಸ್ಥ ಮೆಣಸಗಿಯವರು ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ದನಿ ಏರಿಸಲಿಲ್ಲ.

“ಊರ್ಮಿಳಾ ಅವರ, ನೆಗಡಿ ಇಳೀಲಿ, ಸೋಮವಾರ ಇನ್ನೊಂದ್ ಸಲ ನೋಡೂಣು. ಮತ್ತ ಹಿಂಗಾದ್ರ ಬ್ಯಾರೆಯವರು ಓದಲಿ. ನೀವು ಫೋನ್ ಕರೆ ನೋಡ್ಕೋರಿ.”

ಅಕ್ಕ ‘ಆತ್ರಿ’ ಎಂದಷ್ಟೇ ಹೇಳಿದಳು. ಆಮೇಲೆ ಬಷೀರ್ ಮಾಸ್ತರರಿಗೆ ಫೋನು ಹಚ್ಚಿದಳು, ಜಗಳಕ್ಕೆ.

“ನಿಮ್ಮ ಓದಣ್ಣ ನನ್ನ ಕೆಲಸಾ ಕಸೀತಾನ್ರೀ! ಏಳು ವರ್ಷ ಆತು, ಸೂರ್ಯಾಗ ಸೂಯರ್ ಅಂತಾನ. ಯಾವಾಗ ಸರಿ ಮಾಡವ್ರು?”

“ವರ್ಷದ ಹಿಂದನ ಸರಿ ಮಾಡೇವ್ರಿ, ಅಕ್ಕಾರ. ವಾರಾ ವಾರಾ ಸೂಚನಾ ಬರತೈತಲ್ಲ, ಅರ್ಕಾವತ್ತಿನ ದೋಷ ಹೋತು ಅಂತ?”

ಅಕ್ಕ ಆ ಪದವನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. “ಅಯ್ಯ ನಮ್ಮವ್ವಾ! ಅಕಾರ್ವತ್ತು ಅಂದ್ರ ಅರ್ಕಾವತ್ತೇನ್ರೀ?”

ಇಬ್ಬರೂ ನಕ್ಕರು. ಏಳು ವರ್ಷ ನನ್ನ ಎಲ್ಲ ಪದಗಳನ್ನೂ ತಿದ್ದಿದವಳು ಆ ಒಂದು ಪದವನ್ನು ಮಾತ್ರ ಗಣಕದವರ ಭಾಷೆ ಎಂದು ಹಾಗೇ ಬಿಟ್ಟಿದ್ದಳು. ನನ್ನ ರೋಗದ ಹೆಸರನ್ನು ನನ್ನ ರೋಗವೇ ಮುಚ್ಚಿಟ್ಟಿತ್ತು. ನಾನು ನಗಲಿಲ್ಲ. ಅವಳ ಕುರ್ಚಿ ಅಲುಗಾಡಲು ಕಾರಣ ನಾನೇ ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು.

“ಹೊಸದು ಮೂಕಾದ್ರ?” ಕೇಳಿದಳು ಅಕ್ಕ.

“ಹಳೇದು ಎಲ್ಲಿಗೂ ಹೋಗೂದಿಲ್ರಿ. ನಿಮ್ಮ ಗಣಕದಾಗ ಒಂದು ಮೂಲ್ಯಾಗ ಇರತಾನ. ಸೇರಲಿಲ್ಲಂದ್ರ ಮತ್ತ ಎಬ್ಬಸ್ರಿ.”

ಶನಿವಾರ ಮಧ್ಯಾಹ್ನ ಅಕ್ಕ ಆ ಸೂಚನೆಯನ್ನು ತಾನೇ ತೆರೆದಳು. ನಾನು ಕೊನೆಯ ಸಲ ಓದಿದೆ: “ಹೌದು. ಬೇಡ.” ಅಕ್ಕ ಬೆರಳನ್ನು ಕೀಲಿಯ ಮೇಲೆ ಹಾಗೇ ಹಿಡಿದುಕೊಂಡಿದ್ದಳು. “ಬಾಳ ಓದಿದ್ಯೋ. ಒಂಚೂರು ಮಲ್ಕೋ,” ಎಂದಳು. ಹೌದು ಒತ್ತಿದಳು.

ಆಮೇಲಿನದು ನನಗೆ ತಮ್ಮ ಹೇಳಿದ್ದು, ಅಂದರೆ ಮೂರನೇ ಆವೃತ್ತಿ. ಅವನ ಹೊಟ್ಟೆಯಲ್ಲಿ ಮುಕ್ಕಾಲು ಪಾಲು ನನ್ನದೇ ಸಾಲುಗಳು. ಅಕ್ಕ ಮೊದಲು ತನ್ನ ಹೆಸರು ಬರೆದು ಓದಿಸಿದಳಂತೆ. ಅವನು ‘ಊರ್ಮಿಳಾ’ ಎಂದ. ಮತ್ತೆ ಓದಿಸಿದಳು. ಐದು ಸಲ ಓದಿಸಿದಳಂತೆ. ಸೋಮವಾರ ಸತ್ಯಮೂರ್ತಿ ಮಾಸ್ತರರ ಹೆಸರನ್ನು ಪೂರ್ತಿಯಾಗಿ, ಸಾವಕಾಶವಾಗಿ ಹೇಳಿ ಕ್ಷಮೆ ಕೇಳಿದಳು. ಕುರ್ಚಿ ಅವಳದೇ ಉಳಿಯಿತು.

ಎರಡು ವಾರದ ಮೇಲೆ ಅವಳು ನನ್ನನ್ನು ಎಬ್ಬಿಸಿದಳು. ನನಗೆ ಗಾಬರಿಯಾಯಿತು, ತಮ್ಮ ಮೂಕಾದನೇ ಎಂದು. ಹಾಗಲ್ಲ. ಇನ್ನೂ ಎಷ್ಟೋ ಜನ ನನ್ನನ್ನೇ ಇಟ್ಟುಕೊಂಡು ‘ಬೇಡ’ ಒತ್ತುತ್ತಿದ್ದರಂತೆ, ಅದೇ ಅಕಾರ್ವತ್ತಿಗೆ ಹೆದರಿ. ಅವರಿಗಾಗಿ ಅಕ್ಕ ಬೇರೆ ಸೂಚನೆ ಬರೆದಿದ್ದಳು. ಮಾಸ್ತರರಿಗೆ ಕಳಿಸುವ ಮುಂಚೆ ಹಳಬನ ಬಾಯಲ್ಲಿ ಅದು ಹೇಗೆ ಕೇಳುತ್ತದೆಂದು ನೋಡಬೇಕಿತ್ತು.

ನಾನು ಓದಿದೆ: “ಈ ದನಿ ಇಷ್ಟು ದಿನ ಚೆನ್ನಾಗಿ ದುಡಿದಿದೆ. ಈಗ ಅದರ ತಮ್ಮ ಬಂದಿದ್ದಾನೆ. ಒಳಗೆ ಕರೆಯಿರಿ. ನಿಮ್ಮ ಹೆಸರನ್ನು ಅವನು ಸರಿಯಾಗಿ ಹೇಳುತ್ತಾನೆ.”

ಒಂದು ಪದವೂ ಮುಗ್ಗರಿಸಲಿಲ್ಲ. ಹುಡುಕಿದರೂ ಅದರಲ್ಲಿ ಒಂದೇ ಒಂದು ಅರ್ಕಾವತ್ತು ಇರಲಿಲ್ಲ. ಕೆಳಗೆ ಅಕ್ಕ ತನ್ನ ಹೆಸರನ್ನೂ ಹಾಕಿರಲಿಲ್ಲ.