ಶೆಡ್ಡಿನ ಹುಡುಗಿಯರಿಗೆ ಸೂಜಿ

“ಕೈಗೇನು ಲಕ್ವ ಹೊಡೆದಿದ್ಯೇನೇ ಮುಂಡೆ? ಮರಿ ಹಿಡಿಯೋದು ಹೀಗಾ? ಸತ್ತುಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ಸೂಪರ್‌ವೈಸರ್ ಹೀಗೆ ಬೈದದ್ದು ಹನ್ನೆರಡು ವರ್ಷದ ಪುಟ್ಟಿಯನ್ನು. ಅವಳು ಬುಟ್ಟಿಯಿಂದ ಕೋಳಿಮರಿ ಎತ್ತಿ ಹಿಡಿಯಬೇಕು, ಅವಳಮ್ಮ ಅದರ ಕತ್ತಿನ ಚರ್ಮದಡಿ ಸೂಜಿ ಚುಚ್ಚಿ ಪಕ್ಕದ ಬುಟ್ಟಿಗೆ ಬಿಡಬೇಕು. ಬೆಳಗಿನಿಂದ ಇದೇ ಕೆಲಸ. ಮೊಟ್ಟೆಯೊಡೆದು ಒಂದು ದಿನವೂ ಆಗದ ಮರಿಗಳು. ಅವಕ್ಕೆ ಮುಂದೆ ಬರಬಹುದಾದ ರೋಗದ ಚಿಂತೆ ಯಜಮಾನರಿಗೆ ಈಗಲೇ ಹತ್ತಿತ್ತು. ರೋಗ ಬರುವ ಮೊದಲೇ ಚುಚ್ಚಬೇಕು, ಬಂದಮೇಲೆ ಚುಚ್ಚಿ ಏನು ಪ್ರಯೋಜನ ಎಂದು ದಿನಾ ಹೇಳುತ್ತಿದ್ದರು. ಮರಿಗಳ ಮೇಲೆ ಅಷ್ಟು ಅಂತಃಕರಣ!

ಪುಟ್ಟಿಯ ಅಮ್ಮನಿಗೆ ಶೆಡ್ಡಿನಲ್ಲಿ ಬಜಾರಿ ಎಂದು ಹೆಸರು. ಹೆಂಗಸರ ಕಕ್ಕಸಿಗೆ ಒಂದು ಚಿಲಕ ಹಾಕಿಸಿ ಎಂದು ಒಮ್ಮೆ ಕೇಳಿದ್ದಳು. ಚಿಲಕವಂತೂ ಬರಲಿಲ್ಲ, ಈ ಹೆಸರು ಮಾತ್ರ ಬಂತು.

ಮರಿಗಳು ಇರುವಷ್ಟು ದಿನ ಕೂಲಿಯವರು ಕಾಂಪೌಂಡಿನ ಒಳಗೇ ಇರಬೇಕು. ಹೊರಗಿನವರು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಎಲ್ಲಾದರೂ ಮರಿಗಳಿಗೆ ರೋಗ ತಗುಲಿಬಿಟ್ಟರೆ? ಆದ್ದರಿಂದ ಒಳಗಿನ ಮಕ್ಕಳು ಶಾಲೆಗೂ ಹೋಗುತ್ತಿರಲಿಲ್ಲ. ಮರಿಗಳು ಆರೋಗ್ಯವಾಗಿದ್ದವು.

ಮಧ್ಯಾಹ್ನ ಗೇಟಿನಾಚೆ ನರ್ಸಮ್ಮ ಬಂದು ನಿಂತಳು. ಹೆಗಲಲ್ಲಿ ಐಸ್ ತುಂಬಿದ ಪೆಟ್ಟಿಗೆ, ಮೈಯೆಲ್ಲ ಬೆವರು.

“ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಮಕ್ಕಳಿದ್ರೆ ಕಳಿಸ್ರಮ್ಮಾ! ಶಾಲೇಲಿ ಎಲ್ಲರಿಗೂ ಹಾಕಾಯ್ತು, ನಿಮ್ಮೋರೇ ಬಾಕಿ!”

“ಏನಕ್ಕೆ ಸೂಜಿ?” ಯಾರೋ ಒಳಗಿನಿಂದ ಕೂಗಿದರು.

“ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಆಗುತ್ತಲ್ಲ, ಅದು ಬರದೇ ಇರೋದಕ್ಕೆ!”

ಬಜಾರಿಯ ಕೈ ನಿಂತೇಹೋಯಿತು. ಅವಳ ಅಕ್ಕ ಸತ್ತದ್ದು ಅದರಲ್ಲೇ, ಇದೇ ಕಾಂಪೌಂಡಿನಲ್ಲಿ. ರೋಗದ ವಾಸನೆ ಹೆಚ್ಚಾದಾಗ ಮರಿಗಳಿಗೆ ಆಗಿಬರುವುದಿಲ್ಲ ಎಂದು ಅವಳನ್ನು ಖಾಲಿ ಚೀಲ ಒಟ್ಟುವ ಕೋಣೆಗೆ ಹಾಕಿದ್ದರು. ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಕಣ್ಣೆತ್ತಿ ನೋಡದ ಅಕ್ಕನ ಬಗ್ಗೆ “ಏನು ಮಾಡಿಕೊಂಡಿದ್ದಳೋ ಏನೋ” ಎಂದು ಜನ ಆಡಿಕೊಂಡರು. ಕಂಡಲ್ಲೆಲ್ಲ ಮೇಯ್ದು ಬರುತ್ತಿದ್ದ ಗಂಡ ಎಲ್ಲರಿಗಿಂತ ಜೋರಾಗಿ ಅತ್ತು, ಅಯ್ಯೋ ಪಾಪ ಎನ್ನಿಸಿಕೊಂಡು, ಬೇಗನೆ ಇನ್ನೊಂದು ಮದುವೆಯಾದ.

ಅವಳು ಪುಟ್ಟಿಯ ರಟ್ಟೆ ಹಿಡಿದು ಗೇಟಿನ ಕಡೆ ಓಡಿದಳು. ಉಳಿದ ಹೆಂಗಸರೂ ತಮ್ಮ ಹುಡುಗಿಯರನ್ನು ಎಳೆದುಕೊಂಡು ಹಿಂದೆ ಬಂದರು. ಹೊರಡಲೆಂದು ಕಾರು ಹತ್ತುತ್ತಿದ್ದ ಯಜಮಾನರು ಇಳಿದು ನಿಂತರು.

“ಏನ್ ಸಿಸ್ಟರ್ ಇದು? ಮದುವೆ ಆಗದ ಹುಡುಗೀರಿಗೆ ಆ ರೋಗ ಎಲ್ಲಿಂದ ಬರುತ್ತೆ? ನಮ್ಮ ಶೆಡ್ಡಿನ ಹೆಣ್ಮಕ್ಕಳು ಮರ್ಯಾದಸ್ಥರು.”

ತಮಗೂ ಮರ್ಯಾದೆ ಇದೆಯೆಂಬ ಸುದ್ದಿ ಆ ಹೆಂಗಸರಿಗೆ ಗೊತ್ತಾದದ್ದು ಆವತ್ತೇ.

“ಅದಕ್ಕೇ ಸಾರ್ ಈ ವಯಸ್ಸಲ್ಲಿ ಹಾಕೋದು,” ಎಂದಳು ನರ್ಸಮ್ಮ. “ಆ ವೈರಸ್ಸು ಮೈ ಸೇರೋಕೆ ಮುಂಚೆ ಹಾಕಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ನಡತೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಾಳೆ ಕಟ್ಕೊಂಡ ಗಂಡನಿಂದಲೇ ಬರಬಹುದು.”

“ನಂಗೆ ಗೊತ್ತಿಲ್ವಾ? ನನ್ನ ಮಗಳಿಗೇ ಹಾಕ್ಸಿದೀನಿ. ಅವಳ ವಿಷಯ ಬೇರೆ. ಅವಳು ನಾಳೆ ದೊಡ್ಡ ಮನೆ ಸೇರೋಳು.”

“ಇವಕ್ಕೆ ಹಾಕಿದ್ರೆ ಲಂಗುಲಗಾಮಿಲ್ಲದೆ ಮೆರೀತವೆ ಅಷ್ಟೆ,” ಎಂದ ಸೂಪರ್‌ವೈಸರ್. ಚಿಲಕವಿಲ್ಲದ ಕಕ್ಕಸಿನ ಸುತ್ತ ಯಾವಾಗಲೂ ಸುಳಿದಾಡುವವನು ಇವನೇ.

ಬಜಾರಿ ಕೇಳಿದಳು, “ಗಂಡಸರಿಂದ ಬರುತ್ತೆ ಅಂತೀರಾ ನರ್ಸಮ್ಮ. ಹಾಗಾದ್ರೆ ಹುಡುಗರಿಗೂ ಹಾಕಬಹುದಾ?”

“ಹಾಕಬಹುದು. ಎಷ್ಟೋ ಕಡೆ ಹಾಕ್ತಾರೆ. ಇಲ್ಲಿಗೆ ಸದ್ಯಕ್ಕೆ ಹೆಣ್ಮಕ್ಕಳಿಗೆ ಮಾತ್ರ ಕಳಿಸಿದ್ದಾರೆ.”

“ರೋಗ ತರೋರು ಅವರು, ನಡತೆ ಮಾತ್ರ ನಮ್ಮ ಮಕ್ಕಳದ್ದು ನೋಡ್ತೀರಲ್ಲ ಸ್ವಾಮಿ! ಚೆನ್ನಾಗಿದೆ ನಿಮ್ಮ ನ್ಯಾಯ.”

“ಬಾಯಿ ಮುಚ್ಚೇ ಬೇವರ್ಸಿ!” ಸೂಪರ್‌ವೈಸರ್ ಕೈಯೆತ್ತಿದ. ಯಜಮಾನರು ದೊಡ್ಡ ಮನುಷ್ಯರು, ಅವನನ್ನು ತಡೆದರು.

“ನಾನು ಬೇಡ ಅಂತಿಲ್ಲಮ್ಮಾ. ಆದ್ರೆ ನಿಯಮ ನಿಯಮವೇ. ಹೊರಗಿನವರು ಒಳಗೆ ಬರೋ ಹಾಗಿಲ್ಲ, ಒಳಗಿನವರು ಹೊರಗೆ ಹೋಗೋ ಹಾಗಿಲ್ಲ. ಮೂಕಪ್ರಾಣಿಗಳ ಜೀವದ ಪ್ರಶ್ನೆ. ಈ ಮರಿಗಳು ಹೋಗ್ಲಿ, ಆಮೇಲೆ ನೋಡೋಣ.”

“ನಮ್ಮಲ್ಲಿ ಇವತ್ತೇ ಕೊನೆ ದಿನ ಸಾರ್. ಮತ್ತೆ ಯಾವಾಗ ಬರುತ್ತೋ ಗೊತ್ತಿಲ್ಲ,” ಎಂದಳು ನರ್ಸಮ್ಮ.

ಯಜಮಾನರು ಅಯ್ಯೋ ಎಂದು ಮರುಗಿ, ಕಾರು ಹತ್ತಿ, ಅದೇ ಗೇಟು ತೆಗೆಸಿಕೊಂಡು ಹೊರಟುಹೋದರು. ಕಾರಿಗೆ ರೋಗ ಅಂಟುವುದಿಲ್ಲ. ಸೂಪರ್‌ವೈಸರ್ ಗೇಟಿಗೆ ಬೀಗ ಜಡಿದ.

“ನಡೀರಿ ನಡೀರಿ, ಇನ್ನೊಂದು ಲೋಡು ಮರಿಗಳ ಲಾರಿ ಬರೋ ಹೊತ್ತಾಯ್ತು!”

ಬಜಾರಿ ಅಲ್ಲೇ ನಿಂತಳು. ನರ್ಸಮ್ಮ ಪೆಟ್ಟಿಗೆ ಎತ್ತಿ ಹೆಗಲಿಗೇರಿಸುತ್ತಿದ್ದಳು. ಇನ್ನು ಎರಡು ಹೆಜ್ಜೆ ಹೋದರೆ ಆಯಿತು, ಮುಗಿಯಿತು.

“ನರ್ಸಮ್ಮಾ, ನಿಲ್ಲಿ! ಪುಟ್ಟಿ, ಅಂಗಿ ತೋಳು ಮಡಚು. ಆ ಸರಳಿನ ಸಂದಿಯಿಂದ ಕೈ ಹೊರಗೆ ಹಾಕು. ಇನ್ನೂ... ಭುಜದ ತನಕ.”

“ನೋಯುತ್ತೇನಮ್ಮಾ?”

“ನೋಯುತ್ತೆ. ನಿಮ್ಮ ದೊಡ್ಡಮ್ಮ ಪಟ್ಟ ನೋವಿನ ಮುಂದೆ ಇದು ಏನೂ ಅಲ್ಲ ಕಣೇ.”

“ಏಯ್! ಏನ್ ಮಾಡ್ತಿದೀಯ?” ಸೂಪರ್‌ವೈಸರ್ ಓಡಿ ಬಂದ.

“ಯಾರಾದ್ರೂ ಒಳಗೆ ಬಂದ್ರಾ? ಯಾರಾದ್ರೂ ಹೊರಗೆ ಹೋದ್ರಾ? ನೋಡ್ಕೊಳ್ಳಿ, ಕಾಲು ಒಳಗೇ ಇದೆ.”

ನರ್ಸಮ್ಮ ಬಜಾರಿಯತ್ತ ತಿರುಗಿದಳು. “ನೀವು ತಾಯಿ ತಾನೇ? ಒಪ್ಪಿಗೆ ಇದೆಯಾ?”

“ನೂರು ಸಲ ಇದೆ ತಾಯಿ!”

ನರ್ಸಮ್ಮ ಪೆಟ್ಟಿಗೆ ಕೆಳಗಿಟ್ಟು, ಹತ್ತಿಯಿಂದ ಆ ಸಣಕಲು ತೋಳು ಒರೆಸಿ ಸೂಜಿ ಹಾಕಿದಳು. ಪುಟ್ಟಿ ಹಲ್ಲು ಕಚ್ಚಿಕೊಂಡಳು. ಬಜಾರಿಗೆ ಅಳು ಬಂತು, ಬರಲಿ ಎಂದು ಬಿಟ್ಟಳು. ಪಕ್ಕದ ಸಂದಿಯಿಂದ ಇನ್ನೊಂದು ತೋಳು ಹೊರಬಂತು. ಅದರ ಪಕ್ಕ ಮತ್ತೊಂದು. ಸೂಪರ್‌ವೈಸರ್ ಒಬ್ಬಳ ಜಡೆ ಹಿಡಿದರೆ ಇನ್ನೊಬ್ಬಳ ತೋಳು ಆಚೆಗಿರುತ್ತಿತ್ತು. ಜಡೆ ಹಿಡಿದ ಕೈಯನ್ನು ಹೆಂಗಸರು ಸೇರಿ ಬಿಡಿಸಿದರು.

ಎಲ್ಲರಿಗೂ ಹಾಕಿ ಮುಗಿಸಿ ನರ್ಸಮ್ಮ ಹೇಳಿದಳು, “ಅರ್ಧ ಗಂಟೆ ನನ್ನ ಕಣ್ಣೆದುರೇ ಕೂರಬೇಕು. ತಲೆ ಸುತ್ತಿದ್ರೆ ಹೇಳಿ. ಅಲ್ಲೀವರೆಗೆ ಯಾರೂ ಏಳೋ ಹಾಗಿಲ್ಲ.”

ಹುಡುಗಿಯರು ಗೇಟಿನ ಬುಡದಲ್ಲಿ ಸಾಲಾಗಿ ಕೂತರು. ಬಜಾರಿ ಮಗಳ ಪಕ್ಕ ಕೂತಳು. ಉಳಿದ ಹೆಂಗಸರು ಶೆಡ್ಡಿನ ಕಡೆ ಒಮ್ಮೆ ನೋಡಿದರು, ಆಮೇಲೆ ಅವರೂ ಒಬ್ಬೊಬ್ಬರಾಗಿ ಕೂತರು. ಹಗಲು ಹೊತ್ತಿನಲ್ಲಿ ಅವರು ಹೀಗೆ ಒಟ್ಟಿಗೆ ಕೂತದ್ದನ್ನು ಸೂಪರ್‌ವೈಸರ್ ಕಂಡೇ ಇರಲಿಲ್ಲ.

“ಸಂಜೆಯೊಳಗೆ ಗಂಟುಮೂಟೆ ಕಟ್ಕೊಂಡು ಹೊರಡಬೇಕು ನೀವೆಲ್ಲ!”

“ಹೊರಗೆ ಹೋಗೋ ಹಾಗಿಲ್ಲ ಅಂದ್ರಲ್ಲ ಯಜಮಾನ್ರು?” ಎಂದಳು ಬಜಾರಿ. ಹೆಂಗಸರು ಗೊಳ್ಳೆಂದು ನಕ್ಕರು.

ಹಿಂದಿನ ಬಾಗಿಲಿಗೆ ಲಾರಿ ಬಂದು ಹಾರ್ನ್ ಹೊಡೆಯತೊಡಗಿತು. ಸೂಪರ್‌ವೈಸರ್ ಅತ್ತ ಓಡಿದ, ಇತ್ತ ಓಡಿದ, ಬೈದ, ಕೊನೆಗೆ ದಮ್ಮಯ್ಯ ಎಂದ. ಅರ್ಧ ಗಂಟೆ ಕಳೆಯಿತು. ನರ್ಸಮ್ಮ ಪೆಟ್ಟಿಗೆ ಮುಚ್ಚಿ, “ಏನೂ ತೊಂದರೆ ಇಲ್ಲ, ಇನ್ನು ಏಳಬಹುದು,” ಎಂದಳು.

ಯಾರೂ ಏಳಲಿಲ್ಲ.