ಮೂರನೇ ಸಲ ಕರೆದಾಗ

ನನ್ನ ಮೊಬೈಲನ್ನು ನಾನೇ ಕೈಯಾರೆ ಒಯ್ದು ಎದುರುಮನೆಯ ಸತ್ಯವ್ವನ ಟ್ರಂಕಿನಲ್ಲಿ ಇಡಿಸಿದೆ. ಯಾರೂ ಕಸಿದುಕೊಳ್ಳಲಿಲ್ಲ, ಯಾರೂ ಬೈಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹೆಣ್ಣುಮಗಳ ಕೈಯಲ್ಲಿ ಮೊಬೈಲ್ ಕಾಣಲಿಲ್ಲ ಎಂದರೆ ಸೀದಾ ಗಂಡನ ಮೇಲೆ ಗೂಬೆ ಕೂರಿಸುವವರೇ ಬಹಳ. ನನ್ನ ಗಂಡ ಅಯಾಜ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಾನೆ. ಪಾಪ, ಅವನಿಗೆ ಇದ್ಯಾವುದೂ ಗೊತ್ತಿಲ್ಲ.

ನಾನು ಬ್ಲೌಸ್ ಹೊಲಿಯುತ್ತೇನೆ. ಮಷೀನಿನ ಬಲಗಡೆ ಮೊಬೈಲ್ ಆನಿಸಿಟ್ಟುಕೊಂಡು ಹೊಲಿಯುವುದು ರೂಢಿ. ಮೊದಮೊದಲು ಗಿರಾಕಿಗಳು ಕಳಿಸಿದ ಡಿಸೈನ್ ನೋಡಲಿಕ್ಕೆ ಅಂತ ಇಟ್ಟುಕೊಂಡೆ. ಆಮೇಲೆ ಹೊಲಿಯುತ್ತ ರೀಲ್ಸ್ ನೋಡಿದೆ. ಆಮೇಲೆ ಹೊಲಿಯುವುದನ್ನೇ ನಿಲ್ಲಿಸಿ ನೋಡಿದೆ. ಯಾರದೋ ಅಡುಗೆಮನೆ, ಯಾರದೋ ಜಗಳ, ಯಾರದೋ ನಾಯಿ. ಅಷ್ಟು ನೋಡಿದೆನಲ್ಲ, ಒಂದಾದರೂ ನೆನಪಿದೆಯೇ ಎಂದರೆ ಇಲ್ಲ.

ಮೇ ತಿಂಗಳ ರಜೆಯಲ್ಲಿ ಒಂದು ಮಧ್ಯಾಹ್ನ ಮಗಳು ಅಫ್ರೀನ್ ಗೊಂಬೆಯ ಅಂಗಿಗೆ ಇಸ್ತ್ರಿ ಮಾಡಿಕೊಡು ಎಂದು ಬಂದಳು. ಆರು ವರ್ಷದವಳು. "ಅಮ್ಮಿ" ಅಂದಳು. ನಾನು ಕಣ್ಣೆತ್ತದೆ "ಹೂಂ" ಅಂದೆ. ಮತ್ತೊಮ್ಮೆ "ಅಮ್ಮಿ" ಅಂದಳು. ಮತ್ತೊಮ್ಮೆ "ಹೂಂ" ಅಂದೆ. ಮೂರನೇ ಸಲ ಅವಳು ಚೀರಿದಳು. ಕಾದ ಇಸ್ತ್ರಿಪೆಟ್ಟಿಗೆಯನ್ನು ತಾನೇ ಎತ್ತಲು ಹೋಗಿ ಬಲಗೈಯ ಅಂಗೈ ಸುಟ್ಟುಕೊಂಡಿದ್ದಳು.

ಇಸ್ತ್ರಿ ಜಾರಿ ಬಿತ್ತು ಎಂದು ಅಯಾಜನಿಗೆ ಹೇಳಿದೆ. ಅವನು ನಂಬಿದ. ಮಗಳು ನನ್ನ ಮುಖವನ್ನೊಮ್ಮೆ ನೋಡಿದಳು. ಆ ನೋಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಂದಿನಿಂದ ನಾನು ಏನೆಲ್ಲ ಮಾಡಲಿಲ್ಲ! ಆ್ಯಪ್‌ಗಳನ್ನು ತೆಗೆದುಹಾಕಿದೆ, ಸಂಜೆಯೊಳಗೆ ಮತ್ತೆ ಹಾಕಿಕೊಂಡೆ. ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ, ಅಕ್ಕಿ ತೆಗೆಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಡಬ್ಬಿಗೆ ಕೈಹಾಕಿದೆ. ಬಟನ್ ಫೋನ್ ತರಿಸೋಣವೆಂದರೆ ಅಯಾಜ ಯಾಕೆ ಎಂದು ಕೇಳುತ್ತಾನೆ. ಕೊನೆಗೆ ಶಾಲೆ ಶುರುವಾದ ವಾರ ಸತ್ಯವ್ವನ ಮನೆಗೆ ಹೋದೆ.

ಸತ್ಯವ್ವ ಅಂಗನವಾಡಿಯಲ್ಲಿ ಆಯಾ ಆಗಿದ್ದವರು. ಅಫ್ರೀನ್ ಅವರ ತೊಡೆಯ ಮೇಲೆ ಕೂತೇ ಅ ಆ ಕಲಿತಳು. ಅವರಿಗೊಬ್ಬರಿಗೆ ಇಸ್ತ್ರಿಯ ಖರೇ ಸಂಗತಿ ಹೇಳಿದೆ, ಹೇಳಿ ಅತ್ತೆ.

"ಇದನ್ನ ನಿಮ್ಮ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ರಿ. ನಾ ಅತ್ತರೂ ಕೊಡಬ್ಯಾಡ್ರಿ, ಕಾಲು ಹಿಡದರೂ ಕೊಡಬ್ಯಾಡ್ರಿ."

"ಕೊಡೂದಿಲ್ಲ ತಗೋ" ಎಂದು ಅವರು ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಕೂಸಿಗೆ ಏನರೆ ಆತು ಅಂದ್ರ ಮಾತ್ರ ತಗದು ಕೊಡತೇನಿ. ಮತ್ತ್ಯಾವುದಕ್ಕೂ ಇಲ್ಲ."

ಅಯಾಜನಿಗೆ ಮೊಬೈಲ್ ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅದೂ ಸುಳ್ಳೇ.

ಮೊದಲ ದಿನಗಳು ಛಲೋ ಇದ್ದವು ಎಂದು ಹೇಳಲೇಬೇಕು. ಗಿರಾಕಿಗಳಿಗೆ ಅಳತೆಯ ಬ್ಲೌಸ್ ತಂದು ಎದುರಿಗೇ ಕೂತು ಹೇಳಿ ಎಂದೆ. ಅವರು ಬಂದು ಕೂತರು, ಚಹಾ ಕುಡಿದರು, ನಾನು ಮಗಳ ಹಳೇ ಪಾಟಿಯ ಮೇಲೆ ಅವರ ಕತ್ತಿನ ಡಿಸೈನ್ ಬರೆದುಕೊಂಡೆ. ಅಫ್ರೀನ್ ಮಗ್ಗಿ ಹೇಳುವಾಗ ಏಳೈದಲೆ ಎಂಬಲ್ಲಿ ತಡವರಿಸುತ್ತಾಳೆ ಎಂಬುದು ಅದೇ ವಾರ ನನಗೆ ಗೊತ್ತಾಯಿತು. ಖುಷಿಯಾಯಿತು, ಬಹಳ ಖುಷಿಯಾಯಿತು. ಆದರೆ ಮಷೀನಿನ ಬಲಗಡೆಯ ಖಾಲಿ ಜಾಗವನ್ನು ನನ್ನ ಕೈ ತಡಕುವುದು ಮಾತ್ರ ನಿಲ್ಲಲಿಲ್ಲ.

ನಾಲ್ಕನೇ ದಿನ ಗಿರಾಕಿಯ ಡಿಸೈನ್ ನೋಡಬೇಕು ಎಂದು ಹೋದೆ. ಸತ್ಯವ್ವ ನನ್ನ ಮುಂದೆ ಶೇಂಗಾ ಇಟ್ಟು ಸುಲಿಯಲು ಹಚ್ಚಿದರು. ಏಳನೇ ದಿನ ನನ್ನ ವಸ್ತು ನನಗೆ ಕೊಡದಿರಲು ನೀವ್ಯಾರು ದೊಡ್ಡ ಮಂದಿ ಎಂದು ಜಗಳ ತೆಗೆದೆ. ಅವರು ನಕ್ಕು ಒಳಗೆ ಹೋಗಿ ಮಲಗಿದರು.

ಹನ್ನೊಂದನೇ ದಿನ. ಮಧ್ಯಾಹ್ನ ಎರಡೂವರೆ ಆಗಿತ್ತು. ಮದುವೆ ಹೆಣ್ಣಿನ ಬ್ಲೌಸಿನ ಜರಿ ಎಳೆ ಮೂರು ಸಲ ಕಡಿದುಹೋಯಿತು. ಮನೆ ಗವ್ವೆನ್ನುತ್ತಿತ್ತು. ಒಂದೇ ಒಂದು ಸಲ, ಐದೇ ನಿಮಿಷ ನೋಡಿದರೆ ಸಾಕು, ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ ಅನ್ನಿಸಿತು. ಅದಕ್ಕೆ ಇರುವುದು ಒಂದೇ ದಾರಿ ಎಂದು ನನಗೆ ಗೊತ್ತಿತ್ತು. ಎದ್ದು ಹೋಗಿ ಎದುರುಮನೆಯ ಬಾಗಿಲು ಬಡಿದೆ.

"ಅಫ್ರೀನ್ ಸಾಲ್ಯಾಗ ಬಿದ್ದಾಳಂತ್ರಿ. ತಲಿ ಒಡದೈತಂತ. ಸಾಲಿ ಹುಡುಗಿ ಒಬ್ಬಾಕಿ ಬಂದು ಹೇಳಿ ಹೋದ್ಳು. ಟೀಚರಿಗೆ ಫೋನ್ ಹಚ್ಚಬೇಕು, ನಂಬರ್ ಮೊಬೈಲಿನ್ಯಾಗ ಐತಿ."

ಈ ಮಾತು ನನ್ನ ಬಾಯಿಂದಲೇ ಬಂತು. ಹೆತ್ತವಳ ಬಾಯಿಂದ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಸತ್ಯವ್ವನಿಗೆ ಸೆರಗಿನ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದರು. ಟ್ರಂಕ್ ತೆಗೆದು ಮೊಬೈಲನ್ನು ನನ್ನ ಕೈಗೆ ತುರುಕಿದರು.

"ನೀ ಫೋನ್ ಹಚ್ಚು, ನಾ ಸಾಲಿಗೆ ಓಡತೇನಿ! ಯವ್ವಾ, ನನ ಕೂಸ..."

ಚಪ್ಪಲಿ ಮೆಟ್ಟದೆ ಓಡಿದರು. ಮೊಣಕಾಲು ಬೇನೆ ಅಂತ ಮೆಟ್ಟಿಲು ಹತ್ತಲಾರದ ಹೆಂಗಸು ಆ ಬಿಸಿಲಿನಲ್ಲಿ ಸೆರಗು ಬಿದ್ದದ್ದೂ ತಿಳಿಯದೆ ಓಡಿದರು. ನಿಲ್ರಿ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಮಸೀದಿಯ ಮೂಲೆ ತಿರುಗಿಬಿಟ್ಟಿದ್ದರು.

ಈಗ ಹಿಂದೆ ಓಡಿದರೆ ಹಿಡಿಯಬಹುದು ಎಂದುಕೊಂಡೆ. ಒಂದು ನಿಮಿಷ ನೋಡಿ ಓಡುತ್ತೇನೆ ಎಂದುಕೊಂಡೆ. ಹೊಸ್ತಿಲ ಮೇಲೆ ಕೂತು ಮೊಬೈಲ್ ಚಾಲೂ ಮಾಡಿದೆ. ಒಬ್ಬಳು ಬೆಂಡೆಕಾಯಿ ಹೆಚ್ಚುತ್ತಿದ್ದಳು. ಒಬ್ಬ ಬೈಕಿನಿಂದ ಬಿದ್ದ. ಅತ್ತೆ ಸೊಸೆ ಜಗಳ ಮಾಡಿದರು. ನಾಚಿಕೆಗೆಟ್ಟವಳು ನಾನು, ನಕ್ಕೆ ಕೂಡ.

"ಅಮ್ಮಿ."

"ಹೂಂ."

"ಅಮ್ಮಿ."

"ಹೂಂ."

ಆಮೇಲೆ ಅದೇ ಸಣ್ಣ ದನಿ ಬೇರೆ ಯಾರಿಗೋ ಸಮಾಧಾನ ಹೇಳುತ್ತಿತ್ತು.

"ಇನ್ನೊಮ್ಮೆ ಕರೀಬೇಕ್ರಿ ಅಜ್ಜಿ. ನಮ್ಮ ಅಮ್ಮಿಗೆ ಮೂರನೇ ಸಲ ಕೇಳಸತೈತಿ."

ಕತ್ತೆತ್ತಿದೆ. ಬೆನ್ನಿಗೆ ಚೀಲ ಹಾಕಿಕೊಂಡು ಅಫ್ರೀನ್ ನಿಂತಿದ್ದಳು, ತಲೆಗೆ ಒಂದು ಗೀರೂ ಇಲ್ಲ. ಅವಳ ಸುಟ್ಟ ಕೈಯನ್ನು ಸತ್ಯವ್ವ ಹಿಡಿದುಕೊಂಡಿದ್ದರು. ಅವರ ಸೀರೆಗೆ ಮಣ್ಣು ಹತ್ತಿತ್ತು, ಮೊಣಕಾಲಿನ ಹತ್ತಿರ ಬಟ್ಟೆ ಹರಿದು ರಕ್ತ ಬಂದಿತ್ತು. ಎಲ್ಲೋ ಬಿದ್ದಿದ್ದರು. ಮುಖದ ಮೇಲೆ ಅತ್ತ ಗುರುತು ಇನ್ನೂ ಆರಿರಲಿಲ್ಲ.

ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. ಅವರು ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿದರು. ಅದರಲ್ಲಿ ಯಾರೋ ಇನ್ನೂ ನಗುತ್ತಿದ್ದರು.

"ನಾಳಿಂದ ನನ ಕಡೆ ಇಡಬ್ಯಾಡವಾ" ಎಂದರು. "ನಾಳೆ ನೀ ಖರೇ ಹೇಳಿದ್ರೂ ನನಗ ಓಡಾಕ ಆಗೂದಿಲ್ಲ."

ಕುಂಟುತ್ತ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಅತ್ತೆ. ಅಫ್ರೀನ್ ಪಕ್ಕದಲ್ಲಿ ಕೂತಳು. ನನಗೆ ಇನ್ನು ಯಾರೂ ಇಲ್ಲ ಅನ್ನಿಸಿತು. ನನ್ನನ್ನು ನನ್ನಿಂದ ಕಾಯುತ್ತಿದ್ದ ಒಬ್ಬ ಹೆಂಗಸನ್ನೂ ಐದು ನಿಮಿಷದ ಆಸೆಗೆ ಕಳೆದುಕೊಂಡೆ. ಸಂಜೆ ಅಯಾಜ ಬಂದರೆ ಎಲ್ಲವನ್ನೂ ಹೇಳಬೇಕು, ಇಸ್ತ್ರಿಯಿಂದ ಹಿಡಿದು. ಹೇಳಿದ ಮೇಲೆ ಅವನು ಏನು ಮಾಡುತ್ತಾನೋ ಗೊತ್ತಿಲ್ಲ. ಆದರೆ ಅದಕ್ಕಿಂತ ಮೊದಲು ಆ ಮೊಣಕಾಲಿಗೆ ಔಷಧ ಹಚ್ಚಬೇಕು.

ಮೊಬೈಲನ್ನು ಬಂದ್ ಮಾಡಿ ಮಷೀನಿನ ಮೇಲೆ ಬಿಟ್ಟೆ. ಮಗಳ ಅಂಗೈಗೆ ಹಚ್ಚುತ್ತಿದ್ದ ಮುಲಾಮಿನ ಡಬ್ಬಿ ತೆಗೆದುಕೊಂಡು ಅವಳ ಕೈ ಹಿಡಿದು ಓಣಿ ದಾಟಿದೆ. "ಸತ್ಯವ್ವಾರ" ಎಂದು ಕರೆದೆ. ಒಳಗೆ ಬಳೆ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಕರೆದೆ. ಬಳೆಯ ಸದ್ದೂ ನಿಂತಿತು. ನಾನು ತಿರುಗಿ ಹೊರಟೆ.

ಅಫ್ರೀನ್ ನನ್ನ ಕೈ ಹಿಡಿದು ಎಳೆದಳು.

"ಈಗ ಎರಡ ಸಲ ಅಷ್ಟ ಆಗೇತಿ ಅಮ್ಮಿ" ಎಂದಳು. "ಇನ್ನೊಮ್ಮೆ ಕರಿ."